ಫ್ಯೂಸ್ ಹಾರಿಸುತ್ತಿದ್ದ ಎಡ ಚಾನೆಲ್: 5200–1943 ಆಂಪ್ಲಿಫೈಯರ್ ರಿಪೇರಿ

ಟೇಬಲ್ ಮೇಲಿರುವುದು ಬಿಡಿಭಾಗ ತಂದು ಜೋಡಿಸಿದ ಮನೆಬಳಕೆಯ ಸ್ಟೀರಿಯೋ ಆಂಪ್ಲಿಫೈಯರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರೆಡಿಮೇಡ್ ಆಗಿ ಸಿಗುವಂಥ ಬೋರ್ಡುಗಳು ಎರಡು, ಎಡಕ್ಕೊಂದು ಬಲಕ್ಕೊಂದು. ಚಾನೆಲ್ಲಿಗೆ ಒಂದು ಜೋಡಿ ಔಟ್‌ಪುಟ್ ಟ್ರಾನ್ಸಿಸ್ಟರ್: 2ಎಸ್‌ಸಿ5200 ಮತ್ತು 2ಎಸ್‌ಎ1943. ಡ್ರೈವರ್‌ಗಳು ಟಿಐಪಿ41ಸಿ, ಟಿಐಪಿ42ಸಿ; ಔಟ್‌ಪುಟ್ ಜೋಡಿಯನ್ನು ನಡೆಸುವುದು ಇವು. ಬಯಾಸ್‌ಗೆ, ಅಂದರೆ ಹಾಡಿಲ್ಲದಾಗಲೂ ಔಟ್‌ಪುಟ್ ಜೋಡಿ ತುಸು ತೆರೆದಿರುವಂತೆ ಹಿಡಿಯುವ ವೋಲ್ಟೇಜಿಗೆ, ಬಿಡಿ139, ಇನ್‌ಪುಟ್‌ನಲ್ಲಿ 2ಎನ್5401 ಜೋಡಿ, ಅದರ ಮುಂದೆ ಎಂಜೆಇ340. ಟ್ರಾನ್ಸ್‌ಫಾರ್ಮರ್ 30-0-30 ವೋಲ್ಟ್, 5 ಆಂಪಿಯರ್. ಪ್ಲಸ್‌ಗೆ ಎರಡು, ಮೈನಸ್‌ಗೆ ಎರಡರಂತೆ 4700 ಮೈಕ್ರೋಫ್ಯಾರಡ್, 50 ವೋಲ್ಟಿನ ಕಂಡೆನ್ಸರ್‌ಗಳು. ಲೋಡ್ ಇಲ್ಲದಾಗ ಸಪ್ಲೈ ±43 ವೋಲ್ಟ್.

ದೂರು ಇಷ್ಟು: ಬಲ ಚಾನೆಲ್ ಚೆನ್ನಾಗಿ ಹಾಡುತ್ತದೆ. ಎಡ ಚಾನೆಲ್ಲಿನ ಪ್ಲಸ್ ಸಪ್ಲೈಯ ಫ್ಯೂಸ್ ಸ್ವಿಚ್ ಹಾಕಿದ ಕೂಡಲೇ ಹಾರುತ್ತದೆ. ಎಡ ಬೋರ್ಡನ್ನು ಹಿಂದೊಮ್ಮೆ ರಿಪೇರಿ ಮಾಡಿದ ಗುರುತಿದೆ. ಔಟ್‌ಪುಟ್ ಕಾಲುಗಳ ಸುತ್ತ ಕಂದು ಬಣ್ಣದ ಫ್ಲಕ್ಸ್ ಗಟ್ಟಿಯಾಗಿ ಕೂತಿದೆ. ಎಡಗಡೆ ಟ್ರಾನ್ಸಿಸ್ಟರ್ ಮೇಲಿನ ಅಕ್ಷರ ಬೆಳ್ಳಗೆ ಹೊಳೆಯುತ್ತಿದ್ದರೆ, ಬಲಗಡೆಯದು ಬೂದು ಬಣ್ಣದಲ್ಲಿ, ಓರೆಯಾಗಿ ಹಿಡಿದರಷ್ಟೇ ಕಾಣುವ ಲೇಸರ್ ಅಕ್ಷರ.

ಇಂಥ ಸೆಟ್ಟು ಬಂದಾಗ ಸುಟ್ಟ ಜೋಡಿಯನ್ನು ತೆಗೆದು ಹೊಸ ಜೋಡಿ ಹಾಕಿ ಕೊಟ್ಟುಬಿಡುವುದು ಸುಲಭ. ಹಿಂದಿನ ರಿಪೇರಿಯಲ್ಲಿ ಆಗಿರುವುದೂ ಅದೇ. ಔಟ್‌ಪುಟ್ ಟ್ರಾನ್ಸಿಸ್ಟರ್ ತಾನಾಗಿ ಸಾಯುವುದು ಅಪರೂಪ, ಅದನ್ನು ಸಾಯಿಸಿದ್ದು ಬೇರೇನೋ ಇರುತ್ತದೆ. ಆ ಇನ್ನೊಂದನ್ನು ಹುಡುಕದೆ ಹೊಸ ಜೋಡಿ ಹಾಕಿದರೆ ಒಂದು ವಾರವೋ ಒಂದು ತಿಂಗಳೋ ನಡೆದು ಮತ್ತೆ ಅದೇ ಫ್ಯೂಸ್ ಹಾರುತ್ತದೆ. ಈ ರಿಪೇರಿಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಆ ಹುಡುಕಾಟವೇ.

ಮುಟ್ಟುವ ಮೊದಲು

ಪ್ಲಗ್ ಕಿತ್ತು, ಎರಡೂ ಸ್ಪೀಕರ್ ವೈರ್ ಬಿಚ್ಚಿ. ಆಮೇಲೆ ಕಂಡೆನ್ಸರ್‌ಗಳನ್ನು ಖಾಲಿ ಮಾಡಬೇಕು. ಸ್ಕ್ರೂಡ್ರೈವರ್ ಇಟ್ಟು ಚಟ್ಟನೆ ಶಾರ್ಟ್ ಮಾಡುವ ಅಭ್ಯಾಸ ಬಿಡಿ. 9400 ಮೈಕ್ರೋಫ್ಯಾರಡ್‌ನಲ್ಲಿ 43 ವೋಲ್ಟ್ ಎಂದರೆ ಸುಮಾರು 8.7 ಜೌಲ್ ಶಕ್ತಿ. ಕಿಡಿ ಹಾರಿ ಕಂಡೆನ್ಸರಿನ ಒಳಕಾಲು ಸಡಿಲವಾಗಬಹುದು, ಬೋರ್ಡಿನ ತಾಮ್ರದ ಗೆರೆ ಏಳಬಹುದು. 100 ಓಮ್ಸ್, 10 ವ್ಯಾಟಿನ ರೆಸಿಸ್ಟರಿಗೆ ಎರಡು ಕ್ರೊಕೊಡೈಲ್ ಕ್ಲಿಪ್ ಕಟ್ಟಿಟ್ಟುಕೊಂಡು, ಒಂದೊಂದು ಸಪ್ಲೈಗೂ ಐದಾರು ಸೆಕೆಂಡ್ ಹಿಡಿದರೆ ಸಾಕು. ಮೀಟರಿನಲ್ಲಿ 1 ವೋಲ್ಟಿಗಿಂತ ಕೆಳಗೆ ಬಂದಿದ್ದನ್ನು ನೋಡಿಯೇ ಕೈ ಹಾಕಿ. ಪ್ಲಸ್‌ನಿಂದ ಮೈನಸ್‌ವರೆಗೆ ಒಟ್ಟು 86 ವೋಲ್ಟ್ ಡಿಸಿ ಇದೆ, ಬೆವರಿದ ಕೈಗೆ ಅದು ಅಪಾಯ.

ಇನ್ನೊಂದು ಸಲಕರಣೆ ಸೀರೀಸ್ ಬೋರ್ಡ್. 60 ವ್ಯಾಟಿನ ಹಳೇ ಮಾದರಿಯ ತಂತಿ ಬಲ್ಬನ್ನು ಮೈನ್ಸ್ ಫೇಸಿಗೆ ಸೀರೀಸಿನಲ್ಲಿ ಹಾಕಿ, ಅದರ ಮೂಲಕ ಸೆಟ್ಟಿಗೆ ಕರೆಂಟ್ ಕೊಡುವುದು. ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ಟು ಬದುಕುತ್ತದೆ. ಸರಿಯಾಗಿದ್ದರೆ ಸ್ವಿಚ್ ಹಾಕಿದಾಗ ಕಂಡೆನ್ಸರ್ ತುಂಬುವಷ್ಟು ಹೊತ್ತು ಒಮ್ಮೆ ಮಿಂಚಿ, ಮಂಕಾಗಿ, ಬಹುತೇಕ ಆರಿಹೋಗುತ್ತದೆ. ತಣ್ಣಗಿರುವಾಗ ಕಡಿಮೆ, ಕಾದಾಗ ಹೆಚ್ಚು ರೆಸಿಸ್ಟೆನ್ಸ್ ತೋರಿಸುವ ಟಂಗ್‌ಸ್ಟನ್ ತಂತಿಯ ಗುಣದಿಂದಲೇ ಇದು ನಡೆಯುತ್ತದೆ. ಎಲ್‌ಇಡಿ ಬಲ್ಬ್ ಹಾಕಿದರೆ ಪ್ರಯೋಜನವಿಲ್ಲ. ತಂತಿ ಬಲ್ಬ್ ಸಿಗದಿದ್ದರೆ ಹ್ಯಾಲೊಜೆನ್ ಆಗುತ್ತದೆ.

ಕರೆಂಟ್ ಇಲ್ಲದೆ ಅಳತೆ

ಮೊದಲ ಅಳತೆಗೆ ಬೆಸುಗೆ ಬಿಚ್ಚಬೇಕಿಲ್ಲ. ಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ. 5200 ಮತ್ತು 1943 ಎರಡರಲ್ಲೂ ಅಕ್ಷರ ನಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಬೇಸ್, ಕಲೆಕ್ಟರ್, ಎಮಿಟರ್. ಆರೋಗ್ಯವಾಗಿರುವ 5200ರಲ್ಲಿ ಕೆಂಪು ಕಡ್ಡಿ ಬೇಸಿಗಿಟ್ಟು ಕಪ್ಪನ್ನು ಕಲೆಕ್ಟರಿಗೂ ಎಮಿಟರಿಗೂ ಇಟ್ಟರೆ 0.45ರಿಂದ 0.6ರ ನಡುವೆ ತೋರಿಸಬೇಕು. 1943ಕ್ಕೆ ಕಡ್ಡಿ ಅದಲುಬದಲು. ಕಲೆಕ್ಟರ್–ಎಮಿಟರ್ ನಡುವೆ ಎರಡು ದಿಕ್ಕಿನಲ್ಲೂ 0.000 ಬರಬಾರದು. ಬೋರ್ಡಿನಲ್ಲಿದ್ದಾಗ ಸುತ್ತಲಿನ ಭಾಗಗಳಿಂದ ಏನಾದರೂ ಓದು ಬಂದರೂ ಪೂರ್ತಿ ಶಾರ್ಟ್ ಮಾತ್ರ ಮುಚ್ಚಿಡಲಾಗದು.

ಈ ಸೆಟ್ಟಿನ ಎಡ ಬೋರ್ಡಿನಲ್ಲಿ ಎರಡೂ ಔಟ್‌ಪುಟ್‌ಗಳ ಕಲೆಕ್ಟರ್–ಎಮಿಟರ್ ಬೀಪ್ ಎಂದವು. ಬಿಚ್ಚಿ ತೆಗೆದು ಅಳೆದಾಗಲೂ ಹಾಗೆಯೇ. 5200ರಲ್ಲಿ ಬೇಸ್–ಕಲೆಕ್ಟರ್ ಕೂಡ ಶಾರ್ಟ್.

ಎರಡೂ ಒಟ್ಟಿಗೆ ಹೋಗುವುದಕ್ಕೆ ಕಾರಣ ಫೀಡ್‌ಬ್ಯಾಕ್, ಅಂದರೆ ಔಟ್‌ಪುಟ್ಟಿನ ಒಂದು ಪಾಲನ್ನು ಇನ್‌ಪುಟ್ ಹಂತಕ್ಕೆ ಮರಳಿ ತಂದು ತಾಳೆ ನೋಡುವ ವ್ಯವಸ್ಥೆ. 5200 ಶಾರ್ಟ್ ಆದ ಕ್ಷಣ ಔಟ್‌ಪುಟ್ ಲೈನ್ ಪ್ಲಸ್ 43ಕ್ಕೆ ಜಿಗಿಯುತ್ತದೆ. ಇನ್‌ಪುಟ್ ಹಂತ ಅದನ್ನು ಕಂಡು ‘ಕೆಳಗಿಳಿ’ ಎಂದು 1943ನ್ನು ಪೂರ್ತಿ ತೆರೆಯುತ್ತದೆ. ಆಗ ಪ್ಲಸ್‌ನಿಂದ ಮೈನಸ್‌ಗೆ ನಡುವೆ ಉಳಿಯುವ ತಡೆ ಎರಡು 0.22 ಓಮ್ಸ್ ಎಮಿಟರ್ ರೆಸಿಸ್ಟರ್ ಮಾತ್ರ. ಫ್ಯೂಸ್ ಹಾರುವ ಹೊತ್ತಿಗೆ 1943 ಕೂಡ ಮುಗಿದಿರುತ್ತದೆ. ಒಂದೇ ಸುಟ್ಟಂತೆ ಕಂಡರೂ ಜೋಡಿಯನ್ನೇ ಬದಲಿಸಿ ಎನ್ನುವುದು ಇದಕ್ಕೇ. ಬದುಕುಳಿದಂತೆ ಕಾಣುವುದೂ ಆ ಕ್ಷಣದಲ್ಲಿ ಅಳತೆ ಮೀರಿ ಕಾದಿರುತ್ತದೆ.

ಹಾನಿ ಹಿಂದಕ್ಕೂ ಹರಡಿತ್ತು. 5200ರ ಬೇಸಿಗೆ ಹೋಗುವ 4.7 ಓಮ್ಸ್ ರೆಸಿಸ್ಟರ್ ಕರಕಲಾಗಿ ಓಪನ್, ಅಂದರೆ ಒಳಗೆ ಸಂಪರ್ಕವೇ ಕಡಿದಿದೆ. ಟಿಐಪಿ41ಸಿಯ ಬೇಸ್–ಎಮಿಟರ್ ಶಾರ್ಟ್. ಬೇಸ್–ಕಲೆಕ್ಟರ್ ಶಾರ್ಟ್ ಆದ 5200 ತನ್ನ ಬೇಸ್ ಕಾಲಿಗೇ 43 ವೋಲ್ಟ್ ತಂದು ಕೊಟ್ಟಿದೆ, ಅದು 4.7 ಓಮ್ಸ್ ದಾಟಿ ಡ್ರೈವರಿನ ಎಮಿಟರ್ ಮೇಲೆ ಬಿದ್ದಿದೆ. ಟಿಐಪಿ41ಸಿಯ ಬೇಸ್–ಎಮಿಟರ್ ಉಲ್ಟಾ ತಾಳುವುದು 5 ವೋಲ್ಟ್ ಮಾತ್ರ. 4.7 ಓಮ್ಸ್ ಸುಟ್ಟು ಓಪನ್ ಆಗದಿದ್ದರೆ ಎಂಜೆಇ340ವರೆಗೂ ಹೋಗುತ್ತಿತ್ತು. ಎಂಜೆಇ340, ಎರಡು 5401, ಬಿಡಿ139 ನಾಲ್ಕೂ ಬಿಚ್ಚಿ ಅಳೆದಾಗ ಸರಿ ಇದ್ದವು. ಟಿಐಪಿ42ಸಿ ಮೀಟರಿನಲ್ಲಿ ಸರಿ ಎಂದರೂ ಅದನ್ನೂ ಹೊರಗೆ ಹಾಕಲಾಯಿತು.

0.22 ಓಮ್ಸ್ 5 ವ್ಯಾಟ್ ರೆಸಿಸ್ಟರ್ ಸರಿಯಿದೆಯೇ ಎಂದು ಸಾಮಾನ್ಯ ಮೀಟರಿನ ಓಮ್ಸ್ ಸ್ಥಾನದಲ್ಲಿ ತಿಳಿಯದು, ಮೀಟರಿನ ವೈರ್‌ದೇ 0.3 ಓಮ್ಸ್ ಇರುತ್ತದೆ. 12 ವೋಲ್ಟ್ ಸಪ್ಲೈಯಿಂದ 12 ಓಮ್ಸ್ 20 ವ್ಯಾಟ್ ರೆಸಿಸ್ಟರಿನ ಮೂಲಕ ಸುಮಾರು 1 ಆಂಪಿಯರ್ ಹರಿಸಿ, 0.22ರ ಎರಡು ತುದಿಗಳಲ್ಲಿ ವೋಲ್ಟ್ ನೋಡಿ. 0.21, 0.22 ವೋಲ್ಟ್ ಬಂದರೆ ಸರಿ. ಇಲ್ಲಿ ಎರಡೂ ಸರಿಯಾದ ಓದು ಕೊಟ್ಟವು, ಆದರೆ ಒಂದರ ಬಿಳಿ ಸೆರಾಮಿಕ್ ಮೈಯಲ್ಲಿ ಉದ್ದಕ್ಕೆ ಕೂದಲೆಳೆಯ ಬಿರುಕಿತ್ತು. ಅದನ್ನು ಉಳಿಸಿಕೊಳ್ಳುವುದು ಬೇಡ.

ಸಾಯಿಸಿದ್ದು ಯಾವುದು

ಈಗ ಬೋರ್ಡನ್ನು ದೀಪದ ಕೆಳಗೆ ಇಟ್ಟುಕೊಂಡು ಎರಡೂ ಚಾನೆಲ್ ಹೋಲಿಸಿ ನೋಡಬೇಕು. ಸ್ಟೀರಿಯೋ ಸೆಟ್ಟಿನ ದೊಡ್ಡ ಅನುಕೂಲ ಇದು: ಸರಿಯಾಗಿರುವ ಮಾದರಿ ಪಕ್ಕದಲ್ಲೇ ಇರುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು ಬಿಡಿ139. ಬಲಗಡೆ ಅದು ಹೀಟ್ ಸಿಂಕಿಗೆ, ಅಂದರೆ ಔಟ್‌ಪುಟ್‌ಗಳ ಬಿಸಿ ಹೀರುವ ಅಲ್ಯೂಮಿನಿಯಂಗೆ, ಸ್ಕ್ರೂ ಹಾಕಿ ಕೂತಿದೆ. ಎಡಗಡೆ ಸ್ಕ್ರೂ ಇಲ್ಲ. ಟ್ರಾನ್ಸಿಸ್ಟರ್ ಹೀಟ್ ಸಿಂಕಿನಿಂದ ಮೂರು ಮಿಲಿಮೀಟರ್ ದೂರದಲ್ಲಿ ಗಾಳಿಯಲ್ಲಿ ನಿಂತಿದೆ, ಹಿಂಭಾಗದಲ್ಲಿ ಒಣಗಿದ ಬಿಳಿ ಪೇಸ್ಟಿನ ಕಲೆ. ಹಿಂದಿನ ರಿಪೇರಿಯಲ್ಲಿ ಬಿಚ್ಚಿದ್ದು ಮತ್ತೆ ಕೂರಿಸಿಲ್ಲ.

ಈ ಪುಟ್ಟ ಟ್ರಾನ್ಸಿಸ್ಟರಿನ ಕೆಲಸವೇ ಔಟ್‌ಪುಟ್‌ನ ಬಿಸಿಯನ್ನು ಮುಟ್ಟಿ ನೋಡುತ್ತಿರುವುದು. ಟ್ರಾನ್ಸಿಸ್ಟರಿನ ಬೇಸ್–ಎಮಿಟರ್ ವೋಲ್ಟೇಜ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಔಟ್‌ಪುಟ್ ಜೋಡಿ 40 ಡಿಗ್ರಿ ಏರಿದರೆ ಎರಡಕ್ಕೂ ಸೇರಿ 160 ಮಿಲಿವೋಲ್ಟ್ ಕಡಿಮೆ ಸಾಕಾಗುತ್ತದೆ. ಬಿಡಿ139 ಕೂಡ ಅಷ್ಟೇ ಕಾದರೆ ತಾನು ಕೊಡುವ ಬಯಾಸನ್ನು ಆ ಲೆಕ್ಕಕ್ಕೆ ಇಳಿಸುತ್ತದೆ. ಗಾಳಿಯಲ್ಲಿ ತಣ್ಣಗೆ ನಿಂತಿದ್ದರೆ ಇಳಿಸುವುದಿಲ್ಲ, ಆ 160 ಮಿಲಿವೋಲ್ಟ್ ಎರಡು 0.22 ಓಮ್ಸ್ ಮೇಲೆ ಬೀಳುತ್ತದೆ. 0.44 ಓಮ್ಸ್‌ಗೆ 160 ಮಿಲಿವೋಲ್ಟ್ ಎಂದರೆ 360 ಮಿಲಿಆಂಪಿಯರ್ ಹೆಚ್ಚುವರಿ ಕರೆಂಟ್. 86 ವೋಲ್ಟಿನಲ್ಲಿ ಅದು 30 ವ್ಯಾಟ್ ಬಿಸಿ, ಹಾಡೇ ಇಲ್ಲದೆ. ಆ ಬಿಸಿಗೆ ಕರೆಂಟ್ ಇನ್ನೂ ಏರುತ್ತದೆ, ಏರಿದ ಕರೆಂಟಿಗೆ ಬಿಸಿ ಮತ್ತೂ ಏರುತ್ತದೆ. ಥರ್ಮಲ್ ರನ್‌ಅವೇ ಎನ್ನುವುದು ಇದನ್ನೇ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರೀಸೆಟ್ಟನ್ನೂ, ಅಂದರೆ ಬಯಾಸ್ ಹೊಂದಿಸಲು ತಿರುಗಿಸುವ ರೆಸಿಸ್ಟರನ್ನೂ, ಅಳೆಯದೆ ಬಿಡಬಾರದು. 2.2 ಕಿಲೋಓಮ್ಸ್, ಮೇಲೆ ತೆರೆದಿರುವ ಅಗ್ಗದ ಮಾದರಿ. ಮೀಟರ್ ಹಚ್ಚಿ, ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ 1.5 ಕಿಲೋಓಮ್ಸ್ ಇದ್ದದ್ದು ಒಮ್ಮೆ 1.9ಕ್ಕೆ ಜಿಗಿಯಿತು, ಮತ್ತೊಮ್ಮೆ ಪೂರ್ತಿ ಓಪನ್ ತೋರಿಸಿ ಮರಳಿ ಬಂತು. ಲೆನ್ಸಿನಲ್ಲಿ ನೋಡಿದರೆ ಕಪ್ಪು ಕಾರ್ಬನ್ ಹಾದಿಯ ಮೇಲೆ ಜಾರುಕಾಲು ನಿಂತ ಜಾಗದಲ್ಲೇ ಸಣ್ಣ ಗುಳಿ, ಸುತ್ತ ಧೂಳು ಮತ್ತು ಹಳೇ ಫ್ಲಕ್ಸಿನ ಅಂಟು.

ಪ್ರೀಸೆಟ್ ಕೆಡುವುದು ಎಲ್ಲ ಸೆಟ್ಟುಗಳಲ್ಲೂ ಇದ್ದದ್ದೇ. ಅದು ಕೆಟ್ಟರೆ ಏನಾಗುತ್ತದೆ ಎನ್ನುವುದು ಅದನ್ನು ಎಲ್ಲಿ ಹಾಕಿದ್ದಾರೆ ಎಂಬುದರ ಮೇಲೆ ನಿಂತಿದೆ. ಈ ಬೋರ್ಡಿನಲ್ಲಿ ಅದು ಬಿಡಿ139ರ ಕಲೆಕ್ಟರ್ ಮತ್ತು ಬೇಸ್ ನಡುವೆ ಇತ್ತು; ಬೇಸ್ ಮತ್ತು ಎಮಿಟರ್ ನಡುವೆ 560 ಓಮ್ಸ್. ಪ್ರೀಸೆಟ್ ಓಪನ್ ಆದ ಗಳಿಗೆ ಬಿಡಿ139ರ ಬೇಸಿಗೆ ಕರೆಂಟೇ ಇಲ್ಲ. ಅದು ಮುಚ್ಚಿಕೊಳ್ಳುತ್ತದೆ, ಡ್ರೈವರ್‌ಗಳ ನಡುವೆ ಬಯಾಸ್ ಮಿತಿಯಿಲ್ಲದೆ ಏರುತ್ತದೆ, ಮೇಲಿನ ಕೆಳಗಿನ ಔಟ್‌ಪುಟ್‌ಗಳೆರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅದೇ ಪ್ರೀಸೆಟ್ ಬೇಸ್–ಎಮಿಟರ್ ನಡುವೆ ಇದ್ದಿದ್ದರೆ ಓಪನ್ ಆದಾಗ ಬಯಾಸ್ 0.6 ವೋಲ್ಟಿಗೆ ಇಳಿದುಬಿಡುತ್ತಿತ್ತು. ಸಣ್ಣ ಶಬ್ದದಲ್ಲಿ ಹಾಡು ಒಡಕು ಒಡಕಾಗಿ ಕೇಳುತ್ತಿತ್ತು, ಸುಡುತ್ತಿರಲಿಲ್ಲ. ಒಂದು ರೆಸಿಸ್ಟರಿನ ಜಾಗ ಬದಲಿಸಿದ್ದರೆ ಉಳಿಯುತ್ತಿದ್ದ ಸೆಟ್ಟುಗಳು ಎಷ್ಟೋ. ಬೋರ್ಡ್ ವಿನ್ಯಾಸ ಮಾಡುವವರು ಇದನ್ನು ಕಡೆಗಣಿಸುವುದು ನಿಜಕ್ಕೂ ಬೇಸರದ ಸಂಗತಿ.

ಮೂರನೆಯದು ಔಟ್‌ಪುಟ್ ಲೈನಿನಿಂದ ಗ್ರೌಂಡಿಗೆ ಇರುವ 10 ಓಮ್ಸ್ ಮತ್ತು 0.1 ಮೈಕ್ರೋಫ್ಯಾರಡ್ ಜೋಡಿ. 10 ಓಮ್ಸ್ ರೆಸಿಸ್ಟರ್ ಕಾಲು ವ್ಯಾಟಿನದು, ಬಣ್ಣದ ಪಟ್ಟಿ ಗುರುತು ಸಿಗದಷ್ಟು ಸುಟ್ಟಿತ್ತು. ಹಾಡಿನ ಶಬ್ದಕ್ಕೆ ಇದು ಸುಡುವುದಿಲ್ಲ. ಆಂಪ್ಲಿಫೈಯರ್ ಕಿವಿಗೆ ಕೇಳದ ಎತ್ತರದ ಫ್ರೀಕ್ವೆನ್ಸಿಯಲ್ಲಿ ತಾನೇ ಆಂದೋಲನಕ್ಕೆ ಬಿದ್ದಾಗ ಮಾತ್ರ ಸುಡುತ್ತದೆ. ಹುಡುಕಿದರೆ ಎಂಜೆಇ340ರ ಕಲೆಕ್ಟರ್–ಬೇಸ್ ನಡುವಿನ 47 ಪಿಕೊಫ್ಯಾರಡ್ ಡಿಸ್ಕಿನ ಒಂದು ಕಾಲು ಡ್ರೈ ಸೋಲ್ಡರ್: ಹೊರಗೆ ಬೆಸುಗೆ ಇದ್ದರೂ ಕಾಲಿನ ಸುತ್ತ ಕಪ್ಪು ಉಂಗುರ, ಚಿಮುಟದಿಂದ ಮುಟ್ಟಿದರೆ ಅಲುಗುತ್ತಿತ್ತು. ಆಂದೋಲನ ತಡೆಯಬೇಕಾದ ಕಂಡೆನ್ಸರೇ ಆಗಾಗ ಸಂಪರ್ಕ ಕಳೆದುಕೊಳ್ಳುತ್ತಿತ್ತು.

ಈ ಮೂರರಲ್ಲಿ ಕೊನೆಯ ಏಟು ಕೊಟ್ಟದ್ದು ಪ್ರೀಸೆಟ್ ಎನ್ನುವುದಕ್ಕೆ ಅದರ ಓಪನ್ ಓದೇ ಸಾಕ್ಷಿ. ಉಳಿದ ಎರಡನ್ನು ಹಾಗೆಯೇ ಬಿಟ್ಟಿದ್ದರೆ ಮುಂದಿನ ಸರದಿ ಅವುಗಳದ್ದಾಗುತ್ತಿತ್ತು.

ಬಿಡಿಭಾಗ, ನಕಲಿಯ ಕಾಟ

5200, 1943ಗಳಷ್ಟು ನಕಲಿ ಬರುವ ಟ್ರಾನ್ಸಿಸ್ಟರ್ ಇನ್ನೊಂದಿಲ್ಲ ಎಂದರೂ ನಡೆದೀತು. ತೋಷಿಬಾದ ಅಸಲಿ ಭಾಗ 230 ವೋಲ್ಟ್, 15 ಆಂಪಿಯರ್, 150 ವ್ಯಾಟಿನದು. ನಕಲಿಯಲ್ಲಿ ಮೇಲಿನ ಅಕ್ಷರ ಮಾತ್ರ ಅದೇ. ಸುಟ್ಟುಹೋದ ಎಡ 5200ನ್ನು ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಸುತ್ತಿಗೆಯಿಂದ ಒಡೆದು ನೋಡಲಾಯಿತು. ತಾಮ್ರದ ಅಗಲ ತಗಡಿನ ನಡುವೆ ಸಿಲಿಕಾನ್ ತುಣುಕು 2 ಮಿಲಿಮೀಟರ್ ಕೂಡ ಇರಲಿಲ್ಲ, ಅಕ್ಕಿ ನುಚ್ಚಿನ ಹಾಗೆ. 150 ವ್ಯಾಟ್ ಬಿಸಿ ದಾಟಿಸಬೇಕಾದ ಚಿಪ್ ಅದಲ್ಲ.

ಹೊಸದನ್ನು ಒಡೆದು ನೋಡಲಾಗದು. ಆದರೆ ಸೆಟ್ಟಿನ ಸಪ್ಲೈಯನ್ನೇ ಬಳಸಿ ಒಂದು ಪರೀಕ್ಷೆ ಮಾಡಬಹುದು. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರನ್ನು ತಂತಿಯಿಂದ ಸೇರಿಸಿ. 5200 ಆದರೆ ಕಲೆಕ್ಟರನ್ನು 100 ಕಿಲೋಓಮ್ಸ್ ಮೂಲಕ ಪ್ಲಸ್ 43ಕ್ಕೆ, ಎಮಿಟರನ್ನು ಮೈನಸ್ 43ಕ್ಕೆ ಕೊಡಿ. 1943ಕ್ಕೆ ಇದು ತಿರುಗುಮುರುಗು. ಈಗ 100 ಕಿಲೋಓಮ್ಸ್‌ನ ಎರಡು ತುದಿಯಲ್ಲಿ ವೋಲ್ಟ್ ನೋಡಿ. ಒಳ್ಳೆಯ ಟ್ರಾನ್ಸಿಸ್ಟರ್ ಸೋರುವುದೇ ಇಲ್ಲ, ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಹತ್ತಾರು ವೋಲ್ಟ್ ತೋರಿಸಿದರೆ ಅದು 86 ವೋಲ್ಟನ್ನೂ ತಾಳುತ್ತಿಲ್ಲ ಎಂದರ್ಥ, ಹಿಂದಿರುಗಿಸಿ. ರೆಸಿಸ್ಟರ್ ಇರುವುದರಿಂದ ಕರೆಂಟ್ 1 ಮಿಲಿಆಂಪಿಯರ್ ದಾಟದು, ಪರೀಕ್ಷೆಯಲ್ಲಿ ಟ್ರಾನ್ಸಿಸ್ಟರ್ ಕೆಡುವುದಿಲ್ಲ. ಕ್ಲಿಪ್ಪುಗಳನ್ನು ಕರೆಂಟ್ ಇಲ್ಲದಾಗಲೇ ಹಚ್ಚಿ, ಇದ್ದಾಗ ಮುಟ್ಟಬೇಡಿ. ಈ ಪರೀಕ್ಷೆ ಪಾಸಾದದ್ದೆಲ್ಲ ಅಸಲಿ ಎಂದಲ್ಲ, ಫೇಲಾದದ್ದು ಮಾತ್ರ ಖಂಡಿತ ಬೇಡ. ಬಿಲ್ ಕೊಡುವ ಅಂಗಡಿಯಲ್ಲಿ, ಎರಡನ್ನೂ ಒಂದೇ ಕಡೆ ಕೊಳ್ಳುವುದು ಕ್ಷೇಮ.

ಎಡ ಬೋರ್ಡಿಗೆ ಬೇಕಾದದ್ದು: 5200 ಒಂದು, 1943 ಒಂದು, ಟಿಐಪಿ41ಸಿ ಮತ್ತು 42ಸಿ ಒಂದೊಂದು, 0.22 ಓಮ್ಸ್ 5 ವ್ಯಾಟ್ ಎರಡು, 4.7 ಓಮ್ಸ್ ಅರ್ಧ ವ್ಯಾಟ್ ಎರಡು, 10 ಓಮ್ಸ್ 2 ವ್ಯಾಟ್ ಒಂದು, 0.1 ಮೈಕ್ರೋಫ್ಯಾರಡ್ 250 ವೋಲ್ಟ್ ಪಾಲಿಯೆಸ್ಟರ್ ಒಂದು, 1 ಕಿಲೋಓಮ್ಸ್ ಮುಚ್ಚಿದ ಮಾದರಿಯ ಮಲ್ಟಿಟರ್ನ್ ಪ್ರೀಸೆಟ್ ಒಂದು, 330 ಓಮ್ಸ್ ಮತ್ತು 1.5 ಕಿಲೋಓಮ್ಸ್ ಕಾಲು ವ್ಯಾಟ್ ಒಂದೊಂದು, ಹೀಟ್ ಸಿಂಕಿಗೆ ಕರೆಂಟ್ ದಾಟದಂತೆ ತಡೆಯುವ ಮೈಕಾ ಹಾಳೆ ಮತ್ತು ಸ್ಕ್ರೂ ಬುಷ್, ಹೀಟ್ ಸಿಂಕ್ ಪೇಸ್ಟ್. ಇನ್‌ಪುಟ್‌ಗೆ 5401 ಸಿಗದಿದ್ದರೆ ಎ1015 ಹಾಕಿ ಎಂದು ಅಂಗಡಿಯಲ್ಲಿ ಹೇಳುವುದುಂಟು. ಬೇಡ. ಎ1015 ತಾಳುವುದು 50 ವೋಲ್ಟ್, ಇಲ್ಲಿ ಅದರ ಮೇಲೆ 43 ವೋಲ್ಟ್ ಸದಾ ಇರುತ್ತದೆ, ಕಾಲುಗಳ ಕ್ರಮವೂ ಬೇರೆ.

ಸಪ್ಲೈಯ ನಾಲ್ಕು ಕಂಡೆನ್ಸರ್‌ಗಳನ್ನೂ 63 ವೋಲ್ಟಿನವಕ್ಕೆ ಬದಲಿಸಲಾಯಿತು. 230 ವೋಲ್ಟ್ ಮೈನ್ಸ್‌ಗೆ 43 ಬರುತ್ತಿದ್ದರೆ 260 ವೋಲ್ಟ್‌ಗೆ 48.6 ಬರುತ್ತದೆ. ರಾತ್ರಿ ಹೊತ್ತು ಲೋಡ್ ಇಳಿದು ವೋಲ್ಟೇಜ್ ಏರುವ ಊರುಗಳಲ್ಲಿ 50 ವೋಲ್ಟಿನ ಕಂಡೆನ್ಸರ್ ಅಂಚಿನ ಮೇಲೆ ನಿಂತಿರುತ್ತದೆ. ಇದರಲ್ಲಿ ಒಂದರ ತಲೆ ಆಗಲೇ ಉಬ್ಬಿತ್ತು.

ಬೆಸುಗೆ, ಜೋಡಣೆ

ಹಳೇ ಭಾಗ ತೆಗೆಯುವಾಗ ದೊಡ್ಡ ಟ್ರಾನ್ಸಿಸ್ಟರಿನ ಕಾಲುಗಳನ್ನು ಮೊದಲು ಕಟರಿನಿಂದ ಕತ್ತರಿಸಿ, ಆಮೇಲೆ ಒಂದೊಂದೇ ಕಾಲನ್ನು ಕಾಯಿಸಿ ಎಳೆಯಿರಿ. ಮೂರನ್ನೂ ಒಟ್ಟಿಗೆ ಕಿತ್ತರೆ ಅಗ್ಗದ ಬೋರ್ಡಿನ ತಾಮ್ರದ ಬಿಲ್ಲೆ ಕೂಡ ಎದ್ದುಬರುತ್ತದೆ. ಹೊಸ ಸ್ವಲ್ಪ ಬೆಸುಗೆ ಕರಗಿಸಿದ ಮೇಲೆ ಡಿಸೋಲ್ಡರ್ ಪಂಪ್ ಎಳೆದರೆ ತೂತು ಚೆನ್ನಾಗಿ ಖಾಲಿಯಾಗುತ್ತದೆ. ಸಣ್ಣ ಭಾಗಗಳಿಗೆ 25 ವ್ಯಾಟ್ ಐರನ್ ಸಾಕು, ಔಟ್‌ಪುಟ್ ಕಾಲು ಮತ್ತು ಸಪ್ಲೈ ವೈರಿಗೆ 50 ವ್ಯಾಟ್ ಬೇಕು. ಕಮ್ಮಿ ಕಾವಿನಲ್ಲಿ ಒತ್ತಿ ಹಿಡಿದು ಮಾಡಿದ ಬೆಸುಗೆಯೇ ನಾಳೆಯ ಡ್ರೈ ಸೋಲ್ಡರ್. ಕೆಲಸ ಮುಗಿದ ಮೇಲೆ ಹಳೇ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ.

ಬಯಾಸ್ ಭಾಗದ ಜಾಗ ಬದಲಾವಣೆ ಹೀಗೆ: ಪ್ರೀಸೆಟ್ ಇದ್ದ ತೂತುಗಳಿಗೆ, ಅಂದರೆ ಕಲೆಕ್ಟರ್–ಬೇಸ್ ನಡುವೆ, 1.5 ಕಿಲೋಓಮ್ಸ್ ಖಾಯಂ ರೆಸಿಸ್ಟರ್. 560 ಓಮ್ಸ್ ತೆಗೆದು ಆ ಜಾಗಕ್ಕೆ 330 ಓಮ್ಸ್ ಮತ್ತು 1 ಕಿಲೋಓಮ್ಸ್ ಪ್ರೀಸೆಟ್ ಸೀರೀಸಿನಲ್ಲಿ. ಇನ್ನು ಮುಂದೆ ಪ್ರೀಸೆಟ್ಟಿನ ರೆಸಿಸ್ಟೆನ್ಸ್ ಹೆಚ್ಚಾದರೆ ಬಯಾಸ್ ಕಮ್ಮಿ. ಕರೆಂಟ್ ಕೊಡುವ ಮೊದಲು ಅದನ್ನು ಪೂರ್ತಿ 1 ಕಿಲೋಓಮ್ಸ್‌ಗೆ ತಿರುಗಿಸಿ, ಮೀಟರಿನಲ್ಲಿ ಅಳೆದು ಖಚಿತ ಮಾಡಿಕೊಳ್ಳಿ. ಆ ಸ್ಥಿತಿಯಲ್ಲಿ ಬಯಾಸ್ 1.3 ವೋಲ್ಟಿನ ಹತ್ತಿರ ಇರುತ್ತದೆ, ಔಟ್‌ಪುಟ್ ತೆರೆಯಲು ಅದು ಸಾಲದು.

ಔಟ್‌ಪುಟ್‌ಗಳನ್ನು ಈಗಲೇ ಹಾಕಬಾರದು. ಈ ಬೋರ್ಡಿನಲ್ಲಿ ಪ್ರತಿ ಡ್ರೈವರಿನ ಎಮಿಟರ್‌ನಿಂದ ಔಟ್‌ಪುಟ್ ಲೈನಿಗೆ 100 ಓಮ್ಸ್ ಇದೆ, ಹಾಗಾಗಿ ಔಟ್‌ಪುಟ್ ಜೋಡಿ ಇಲ್ಲದೆಯೂ ಡ್ರೈವರ್‌ಗಳೇ ಫೀಡ್‌ಬ್ಯಾಕ್ ಸುತ್ತನ್ನು ಮುಚ್ಚುತ್ತವೆ. ಕೆಲವು ಬೋರ್ಡುಗಳಲ್ಲಿ ಎರಡು ಎಮಿಟರ್ ನಡುವೆ ಒಂದೇ ರೆಸಿಸ್ಟರ್ ಇರುತ್ತದೆ. ಅಂಥದ್ದಕ್ಕೆ ತಾತ್ಕಾಲಿಕವಾಗಿ ಎರಡು 100 ಓಮ್ಸ್ ಅಂಟಿಸಿಕೊಳ್ಳಿ. ಸ್ಪೀಕರ್ ಬೇಡ, ಇನ್‌ಪುಟ್ ಶಾರ್ಟ್.

ಸೀರೀಸ್ ಬಲ್ಬಿನ ಮೂಲಕ ಸ್ವಿಚ್. ಬಲ್ಬ್ ಮಿಂಚಿ ಮಂಕಾಯಿತು. ಔಟ್‌ಪುಟ್ ಲೈನಿನಿಂದ ಗ್ರೌಂಡಿಗೆ 18 ಮಿಲಿವೋಲ್ಟ್. 50ಕ್ಕಿಂತ ಕೆಳಗಿದ್ದರೆ ಒಪ್ಪಬಹುದು. ಇಲ್ಲಿ ವೋಲ್ಟುಗಟ್ಟಲೆ ಬಂದರೆ ಮುಂದೆ ಹೋಗಬೇಡಿ: ಇನ್‌ಪುಟ್ ಜೋಡಿಯಲ್ಲಿ ಒಂದು ಕೆಟ್ಟಿರಬಹುದು, ಅಥವಾ ಫೀಡ್‌ಬ್ಯಾಕ್‌ನ 1 ಕಿಲೋಓಮ್ಸ್‌ಗೆ ಸೀರೀಸಿನಲ್ಲಿರುವ 47 ಮೈಕ್ರೋಫ್ಯಾರಡ್ ಸೋರುತ್ತಿರಬಹುದು. ಆ ಕಂಡೆನ್ಸರ್ ಇರುವುದೇ ಡಿಸಿಗೆ ಗೇನ್ 1 ಆಗಿರಲೆಂದು. ಶಾರ್ಟ್ ಆದರೆ ಇನ್‌ಪುಟ್‌ನ ಸಣ್ಣ ತಪ್ಪೂ 34 ಪಟ್ಟು ದೊಡ್ಡದಾಗಿ ಔಟ್‌ಪುಟ್‌ಗೆ ಬರುತ್ತದೆ.

ಪ್ರೀಸೆಟ್ಟನ್ನು ನಿಧಾನಕ್ಕೆ ತಿರುಗಿಸಿದಾಗ ಎರಡು ಡ್ರೈವರ್ ಬೇಸುಗಳ ನಡುವೆ ವೋಲ್ಟೇಜ್ 1.3ರಿಂದ 2.2ರವರೆಗೆ ಜಿಗಿತವಿಲ್ಲದೆ ಏರಿತು, ಪ್ರತಿ 100 ಓಮ್ಸ್ ಮೇಲೆ ಅರ್ಧ ವೋಲ್ಟಿನಷ್ಟು ಬಂತು. ಮತ್ತೆ ಕಮ್ಮಿ ತುದಿಗೆ ಇಳಿಸಿ, ಸ್ವಿಚ್ ತೆಗೆದು, ಕಂಡೆನ್ಸರ್ ಖಾಲಿ ಮಾಡಿ, ಈಗ ಔಟ್‌ಪುಟ್ ಜೋಡಿ.

ಹೀಟ್ ಸಿಂಕಿನ ಮೇಲ್ಮೈಗೆ ಬೆರಳು ಆಡಿಸಿ ನೋಡಿ. ತೂತಿನ ಅಂಚಿನಲ್ಲಿ ಎದ್ದ ಅಲ್ಯೂಮಿನಿಯಂ ಮುಳ್ಳು ಒಂದಿದ್ದರೂ ಮೈಕಾ ಹರಿಯುತ್ತದೆ. ಪೇಸ್ಟನ್ನು ಮೈಕಾದ ಎರಡೂ ಕಡೆ ತೆಳ್ಳಗೆ, ಕೆಳಗಿನದು ಕಾಣುವಷ್ಟು ಮಾತ್ರ ಹಚ್ಚಬೇಕು. ಬೆಣ್ಣೆ ಹಚ್ಚಿದ ಹಾಗೆ ದಪ್ಪ ಬಳಿದರೆ ಬಿಸಿ ದಾಟುವುದು ಕಮ್ಮಿಯಾಗುತ್ತದೆ. ಟಿಐಪಿ ಡ್ರೈವರಿಗೆ ಸ್ಕ್ರೂ ಜೊತೆ ಬುಷ್ ಮರೆಯಬೇಡಿ. ಬಿಡಿ139ರ ಹಿಂಬದಿಯ ಲೋಹವೂ ಕಲೆಕ್ಟರೇ, ಅದಕ್ಕೂ ಮೈಕಾ ಬೇಕು. ಅದನ್ನು ಎರಡು ಔಟ್‌ಪುಟ್‌ಗಳ ನಡುವೆ, ಹೊಸ ಸ್ಕ್ರೂ ಮತ್ತು ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಲಾಯಿತು. ಮೊದಲು ಸ್ಕ್ರೂ ಬಿಗಿದು ಆಮೇಲೆ ಕಾಲಿಗೆ ಬೆಸುಗೆ. ಉಲ್ಟಾ ಮಾಡಿದರೆ ಕಾಲು ಎಳೆದಾಡಿಕೊಂಡು ಬೆಸುಗೆ ಬಿರಿಯುತ್ತದೆ. ಕೊನೆಗೆ ಪ್ರತಿ ಕಲೆಕ್ಟರ್‌ನಿಂದ ಹೀಟ್ ಸಿಂಕಿಗೆ ಮೀಟರ್ ಹಚ್ಚಿ, ಬೀಪ್ ಬರಬಾರದು.

ಬಯಾಸ್, ಲೋಡ್

ಮತ್ತೆ ಸೀರೀಸ್ ಬಲ್ಬ್. ಔಟ್‌ಪುಟ್‌ನಲ್ಲಿ ಡಿಸಿ ಮೊದಲಿನಷ್ಟೇ. ಮೀಟರನ್ನು 200 ಮಿಲಿವೋಲ್ಟ್ ಸ್ಥಾನಕ್ಕಿಟ್ಟು 5200ರ ಎಮಿಟರ್‌ನಿಂದ 1943ರ ಎಮಿಟರಿಗೆ ಹಚ್ಚಿ, ಅಂದರೆ ಎರಡು 0.22 ಓಮ್ಸ್ ಸೇರಿ. 13 ಮಿಲಿವೋಲ್ಟ್ ಬಂದರೆ 30 ಮಿಲಿಆಂಪಿಯರ್. 86 ವೋಲ್ಟಿಗೆ ಅದು ಎರಡೂವರೆ ವ್ಯಾಟ್ ಬಿಸಿ, ಈ ಹೀಟ್ ಸಿಂಕಿಗೆ ಹಗುರ. ಬಲ್ಬ್ ತೆಗೆದು ನೇರ ಮೈನ್ಸ್‌ಗೆ ಹಾಕಿದ ಮೇಲೆ ಮತ್ತೊಮ್ಮೆ ಹೊಂದಿಸಬೇಕು, ಯಾಕೆಂದರೆ ಬಲ್ಬಿನ ಹಿಂದೆ ಸಪ್ಲೈ ಕಮ್ಮಿ ಇರುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿದಾಗ 13 ಇದ್ದದ್ದು 15ಕ್ಕೆ ಬಂದು ಅಲ್ಲೇ ನಿಂತಿತು. ಬಿಸಿಯಾದಷ್ಟೂ ಏರುತ್ತಲೇ ಹೋದರೆ ಬಿಡಿ139 ಸರಿಯಾಗಿ ಕೂತಿಲ್ಲ ಎಂದೇ ತಿಳಿಯಿರಿ.

ಲೋಡಿಗೆ ಸ್ಪೀಕರ್ ಬೇಡ. 82 ಓಮ್ಸ್ 10 ವ್ಯಾಟ್ ಸೆರಾಮಿಕ್ ರೆಸಿಸ್ಟರ್ ಹತ್ತನ್ನು ಪ್ಯಾರಲಲ್ ಮಾಡಿದರೆ 8.2 ಓಮ್ಸ್, 100 ವ್ಯಾಟ್. ಫೋನಿನ ಟೋನ್ ಆ್ಯಪಿನಿಂದ 220 ಹರ್ಟ್ಸ್ ಕೊಟ್ಟು ಔಟ್‌ಪುಟ್‌ನಲ್ಲಿ 17.5 ವೋಲ್ಟ್ ಎಸಿ ಬರುವವರೆಗೆ ಏರಿಸಿ. 1000 ಹರ್ಟ್ಸ್ ಬದಲು 220 ಯಾಕೆಂದರೆ ಅಗ್ಗದ ಮೀಟರುಗಳು 400 ಹರ್ಟ್ಸ್ ದಾಟಿದರೆ ತಪ್ಪು ತೋರಿಸುತ್ತವೆ. 17.5 ವೋಲ್ಟ್ ಎಂದರೆ ಲೋಡಿನಲ್ಲಿ 37 ವ್ಯಾಟ್. ಸಪ್ಲೈ ಆಗ ±39ಕ್ಕೆ ಇಳಿದಿತ್ತು. ಬೇಕೆಂದೇ ಈ ಅಳತೆ: ಔಟ್‌ಪುಟ್ ಟ್ರಾನ್ಸಿಸ್ಟರ್ ಅತಿ ಹೆಚ್ಚು ಕಾಯುವುದು ಪೂರ್ತಿ ಪವರಿನಲ್ಲಲ್ಲ, ಸಪ್ಲೈಯ ಸುಮಾರು ಮೂರನೇ ಎರಡು ಭಾಗ ಮೇಲೆ ಕೆಳಗೆ ಆಡುವಾಗ. ಲೋಡಿಗೆ ಹೋದಷ್ಟೇ ಪವರ್ ಆಗ ಹೀಟ್ ಸಿಂಕಿಗೂ ಹೋಗುತ್ತಿರುತ್ತದೆ. ಹತ್ತು ನಿಮಿಷ ಹಾಗೆಯೇ ಬಿಟ್ಟು, 10 ಓಮ್ಸ್ ರೆಸಿಸ್ಟರ್ ಕಾದಿದೆಯೇ ಎಂದು ಸ್ವಿಚ್ ತೆಗೆದು ಮುಟ್ಟಿ ನೋಡಲಾಯಿತು. ತಣ್ಣಗಿತ್ತು, ಆಂದೋಲನವಿಲ್ಲ.

ಸ್ಪೀಕರಿಗೆ ರಕ್ಷಣೆಯೇ ಇರಲಿಲ್ಲ. 8 ಓಮ್ಸ್ ಸ್ಪೀಕರ್ ಮೇಲೆ 40 ವೋಲ್ಟ್ ಡಿಸಿ ನಿಂತರೆ 200 ವ್ಯಾಟ್, ಕಾಯಿಲ್ ಸುಡಲು ಕೆಲವೇ ಸೆಕೆಂಡ್ ಸಾಕು. ಈ ಸಲ ಫ್ಯೂಸ್ ಬೇಗ ಹಾರಿದ್ದರಿಂದ ವೂಫರ್ ಉಳಿದಿದೆ: 6.4 ಓಮ್ಸ್ ತೋರಿಸುತ್ತದೆ, ಕೋನನ್ನು ಎರಡು ಬೆರಳಲ್ಲಿ ಒತ್ತಿದರೆ ಉಜ್ಜುವ ಸದ್ದಿಲ್ಲ. ಯುಪಿಸಿ1237 ಐಸಿಯ ಪ್ರೊಟೆಕ್ಷನ್ ಬೋರ್ಡ್ ಸೇರಿಸಲಾಯಿತು. ರಿಲೇ ವೈರಿಂಗಿನಲ್ಲಿ ಒಂದು ಎಚ್ಚರ: ರಿಲೇಯ ಕಾಮನ್ ಕಾಲಿಗೆ ಸ್ಪೀಕರ್, ನಾರ್ಮಲಿ ಓಪನ್ ಕಾಲಿಗೆ ಆಂಪ್ಲಿಫೈಯರ್, ನಾರ್ಮಲಿ ಕ್ಲೋಸ್ಡ್ ಕಾಲಿಗೆ ಗ್ರೌಂಡ್. 40 ವೋಲ್ಟ್ ಡಿಸಿಯಲ್ಲಿ ರಿಲೇ ಬಿಟ್ಟುಕೊಂಡರೂ ಕಿಡಿ ಆರದೆ ಸೇತುವೆಯಂತೆ ನಿಲ್ಲಬಹುದು. ಹೀಗೆ ಕಟ್ಟಿದರೆ ಆ ಕಿಡಿ ಗ್ರೌಂಡಿಗೆ ಹೋಗಿ ಫ್ಯೂಸ್ ಹಾರುತ್ತದೆ, ಸ್ಪೀಕರ್ ಉಳಿಯುತ್ತದೆ.

ಜೋಡಿಸಿ ಮುಗಿಸಿದಾಗ ಎಡಗಡೆ ಸಣ್ಣ ಗುಂಯ್ ಇತ್ತು. ವಾಲ್ಯೂಮ್ ಸೊನ್ನೆ ಮಾಡಿದರೂ ಹೋಗಲಿಲ್ಲ. 100 ಹರ್ಟ್ಸಿನ ದಪ್ಪ ಸದ್ದಾದರೆ ಸಪ್ಲೈ ಕಂಡೆನ್ಸರ್ ಕಡೆ ನೋಡಬೇಕು, 50 ಹರ್ಟ್ಸ್ ಆದರೆ ಗ್ರೌಂಡ್ ಅಥವಾ ಶೀಲ್ಡ್. ಇದು 50ರದ್ದು. ಇನ್‌ಪುಟ್ ಶೀಲ್ಡ್ ವೈರ್ ಸಾಕೆಟ್ಟಿನಲ್ಲೂ ಬೋರ್ಡಿನಲ್ಲೂ ಚಾಸಿಗೆ, ಅಂದರೆ ಸೆಟ್ಟಿನ ಲೋಹದ ಪೆಟ್ಟಿಗೆಗೆ, ತಾಗಿತ್ತು. ಸಾಕೆಟ್ ಕಡೆಯ ಚಾಸಿ ಸಂಪರ್ಕ ಬಿಡಿಸಿ, ಸ್ಪೀಕರ್ ಗ್ರೌಂಡ್ ಮತ್ತು ಬೋರ್ಡ್ ಗ್ರೌಂಡ್ ಎರಡನ್ನೂ ಸಪ್ಲೈ ಕಂಡೆನ್ಸರ್‌ಗಳ ನಡುವಿನ ಒಂದೇ ಜಾಗಕ್ಕೆ ತಂದಾಗ ನಿಂತಿತು. ಮೈನ್ಸ್ ಅರ್ತ್ ವೈರನ್ನು ಮಾತ್ರ ಗುಂಯ್ ಹೋಗಲಿ ಎಂದು ಎಂದಿಗೂ ಬಿಚ್ಚಬೇಡಿ.

ಬಲ ಬೋರ್ಡ್ ಇನ್ನೂ ಕೆಟ್ಟಿರಲಿಲ್ಲ, ಆದರೆ ಅದರ ಪ್ರೀಸೆಟ್ ಕೂಡ ಅದೇ ತಪ್ಪು ಜಾಗದಲ್ಲಿತ್ತು. ಅಲ್ಲಿಯೂ 1.5 ಕಿಲೋಓಮ್ಸ್, 330 ಓಮ್ಸ್, ಮಲ್ಟಿಟರ್ನ್ ಪ್ರೀಸೆಟ್ ಹಾಕಿ, 10 ಓಮ್ಸ್ ಅನ್ನು 2 ವ್ಯಾಟಿನದಕ್ಕೆ ಬದಲಿಸಲಾಯಿತು. ಮುಚ್ಚಳ ಹಾಕಿ ಒಂದು ಗಂಟೆ ಹಾಡಿಸಿ, ಬಿಸಿಯಲ್ಲೇ ಮುಚ್ಚಳ ತೆಗೆದು ಇನ್‌ಪುಟ್ ಶಾರ್ಟ್ ಮಾಡಿ ಅಳೆದಾಗ ಬಲಗಡೆ 14, ಎಡಗಡೆ 15 ಮಿಲಿವೋಲ್ಟ್. ಈ ಎರಡು ಅಂಕಿ ಮತ್ತು ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿದೆ. ಮುಂದೆ ಸೆಟ್ಟು ಬಿಚ್ಚುವವರು ಮೊದಲು ಅಳೆದು ನೋಡಬೇಕಾದದ್ದು ಅದನ್ನೇ.